ಸ್ಪೀಕರ್ ತೂತಿನ ಬಿಳಿ ಪುಡಿ

ಕಲ್ಲಿಗೆ ನೀರು ಬಿಡಲಿಲ್ಲ. ತಪ್ಪು ಅದೇ. ಹೊಳವನಹಳ್ಳಿ ಕಡೆಯ ಆ ಕ್ರಷರ್‌ನವರು ಕಲ್ಲು ಒಡೆಯುವಾಗ ದೂಳು ಏಳದಂತೆ ಮೇಲೆ ನೀರು ಚಿಮುಕಿಸಬೇಕಿತ್ತು. ಪೈಪು ಇತ್ತು, ನಲ್ಲಿ ಇತ್ತು. ತಿರುಗಿಸಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಚನ್ನಮಲ್ಲಮ್ಮ ವರ್ಷಗಟ್ಟಲೆ ಆ ದೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತಳು. ಆಮೇಲೆ ನಡೆದದ್ದು ನಮ್ಮ ಪಕ್ಕದ ಮನೆಯಲ್ಲೇ...

ಮಗಳು ಯಶಸ್ವಿನಿಗೆ ತಾಯಿಯದೆಂದು ಉಳಿದದ್ದು ಲ್ಯಾಪ್‌ಟಾಪಿನೊಳಗಿನ ಒಂದು ಬೈಗುಳ. ಕಾಲೇಜಿನ ಪಾಠ ಓದಿ ರೆಕಾರ್ಡ್ ಮಾಡುವಾಗ ಹಿಂದಿನಿಂದ ಸಿಕ್ಕಿಬಿದ್ದದ್ದು. "ಲೇ ಯಶು, ಆ ಡಬ್ಬೀನ ದಿನಾ ಒರೆಸ್ತೀಯ, ನಿನ್ ಮೊಕ ಯಾವಾಗೇ ಒರೆಸ್ಕಳಾದು?" ಆಮೇಲೆ ಒಂದು ನಗು.

ಈಚೆಗೆ ಆ ದನಿ ಬಾಯಿಗೆ ಸೆರಗು ಒತ್ತಿಕೊಂಡು ಮಾತಾಡಿದಂತೆ ಕೇಳತೊಡಗಿತು. ಹೀಗೇ ಬಿಟ್ಟರೆ ಅಮ್ಮ ಪೂರಾ ಹೋಗಿಬಿಡುತ್ತಾಳೆ ಎಂದು ಹೆದರಿ, ಲ್ಯಾಪ್‌ಟಾಪನ್ನು ಮಧುಗಿರಿಗೆ ಒಯ್ದಳು. ರಿಪೇರಿ ಅಂಗಡಿಯ ಸುಹೇಲ್ ನೋಡಿ ನಕ್ಕ. ಸ್ಪೀಕರ್ ತೂತುಗಳ ತುಂಬ ಬಿಳಿ ಪುಡಿ.

"ವಿಭೂತಿ ಬಳಿದಿದ್ದೀರಾ? ಇದ್ಕೂ ದೀಕ್ಷೆ ಕೊಡಿಸ್ಬುಟ್ರಾ ಅಕ್ಕಾ?"

"ಆಯುಧಪೂಜೇಲಿ ಅಮ್ಮ ಬಳೀತಿದ್ಲು. ಅಮ್ಮನ ಕೈಯದು ಅಂತ ನಾನು ತೆಗೀಲಿಲ್ಲ." ಎನ್ನುತ್ತ ಅವಳು ಊದಲು ಬಗ್ಗಿದಳು.

"ಊದ್ಬೇಡಿ! ಒಳಕ್ಕೋಯ್ತದೆ."

ತೂತುಗಳನ್ನು ಕೆಳಮುಖ ಮಾಡಿ ಹಿಡಿದು, ಒಣ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದ. ಪುಡಿ ಕಾಗದದ ಮೇಲೆ ಉದುರಿತು. ಬೆರಳಲ್ಲಿ ತಿಕ್ಕಿ ನೋಡಿದ. ಅವನ ನಗು ನಿಂತಿತು. "ವಿಭೂತಿ ಅಲ್ಲ ಅಕ್ಕಾ... ಕಲ್ಲು."

ಕೆಲಸದಿಂದ ಬಂದ ಅಮ್ಮ ತಾನೂ ದೂಳು ಮೆತ್ತಿದ ಸೆರಗಿನಲ್ಲೇ ಲ್ಯಾಪ್‌ಟಾಪ್ ಒರೆಸುತ್ತಿದ್ದದ್ದು ಯಶಸ್ವಿನಿಗೆ ನೆನಪಾಯಿತು. ಸುಹೇಲ್ ರೆಕಾರ್ಡಿಂಗ್ ಹಾಕಿದ. ದನಿ ಈಗ ಚೊಕ್ಕವಾಗಿತ್ತು. ಅಂಗಡಿಯಲ್ಲೇ ಅತ್ತಳು.

ಕೊನೆ ಬಸ್ಸು ಇಳಿದು ಒಬ್ಬಳೇ ನಡೆದಳು. ಕರೆಂಟು ಹೋಗಿತ್ತು. ಕ್ರಷರ್ ನಿಂತಿತ್ತು. ಆಲದ ಮರದ ಪಕ್ಕದ ಬತ್ತಿದ ಬಾವಿ ಬಂತು... ಬ್ಯಾಗಿನೊಳಗೆ, ಆರಿಸಿದ್ದ ಲ್ಯಾಪ್‌ಟಾಪಿನಿಂದ... ಕರ್... ಕರ್... ಕಲ್ಲು ಅಗಿಯುವ ಸದ್ದು. ಆಮೇಲೆ ಒಣಕೆಮ್ಮು. ಖೊಹ್... ಖೊಹ್...

"ಅಮ್ಮಾ?"

ಕೆಮ್ಮು ನಿಂತಿತು. ಹನಿ ನೀರಿಲ್ಲದ ಬಾವಿಯೊಳಗೆ ತೊಟ್... ತೊಟ್...

ಓಡಿ ಬಂದಳು. ಬಾಗಿಲಲ್ಲಿ ಅಪ್ಪ ರೇಣುಕಯ್ಯ ಪಿಸುಗುಟ್ಟಿದ. "ಯಾರ್ ಜೊತೆ ಬಂದೆ?"

"ಒಬ್ಳೇ."

"ಹಿಂದೆ ಕೆಮ್ಮಿದ್ರಲ್ಲ..."

ಚಿಮಣಿ ಬೆಳಕಿನಲ್ಲಿ ಲ್ಯಾಪ್‌ಟಾಪ್ ತೆರೆದಳು. ತೂತುಗಳ ತುಂಬ ಮತ್ತೆ ಬಿಳಿ ಪುಡಿ. ರೆಕಾರ್ಡಿಂಗ್ ಹಾಕಿದಳು. ಬೈಗುಳ ಇಲ್ಲ. ನಗು ಇಲ್ಲ. ಕೆಮ್ಮಿನ ನಡುವೆ, ಸೆರಗಿನ ಹಿಂದಿನಿಂದ ಬಂದಂತೆ, ಒಂದೇ ಮಾತು. "ಕಲ್ಲಿಗೆ ನೀರು ಬುಡ್ಸು ಕಣಮ್ಮ..."

"ಅವ್ಳ ನಗು ಎಲ್ಲೇ?" ಎಂದ ರೇಣುಕಯ್ಯ. ಮಗಳು ಮತ್ತೆ ಹಾಕಿದಳು. ಎಷ್ಟು ಸಲ ಹಾಕಿದರೂ ಆ ನಗು ಮತ್ತೆ ಬರಲಿಲ್ಲ.

ಬೆಳಿಗ್ಗೆ ಹಲ್ಲುಜ್ಜುವ ಹೊಸ ಬ್ರಷ್ಷಿನಲ್ಲಿ ತೂತು ಉಜ್ಜಿದಳು. ಪುಡಿ ಉದುರಲಿಲ್ಲ. ಬ್ರಷ್ಷಿಗೆ ಮೆತ್ತಿಕೊಂಡು ಬಂತು. ಒದ್ದೆಯಾಗಿತ್ತು. ಲ್ಯಾಪ್‌ಟಾಪಿಗೆ ಯಾರೂ ನೀರು ಸೋಕಿಸಿರಲಿಲ್ಲ. ಕಟ್ಟುಕತೆಯಲ್ಲ ಇದು. ಆ ಒದ್ದೆ ಪುಡಿಯನ್ನು ಈ ಬೆರಳಲ್ಲೇ ಮುಟ್ಟಿದ್ದೇನೆ.

ಕ್ರಷರ್ ಇವತ್ತೂ ಒಣಗಲ್ಲನ್ನೇ ಅಗಿಯುತ್ತಿದೆ. ದೆವ್ವವನ್ನು ನಂಬದಿದ್ದರೆ ಬಿಡಿ. ದೂಳನ್ನಾದರೂ ನಂಬಿ. ನಾಳೆ ಬೆಳಿಗ್ಗೆ ನಾಲ್ಕು ಜನ ಸೇರಿ ಹೋಗಿ, ಗೇಟಿನ ಮುಂದೆ ನಿಂತು, ಅವರು ಆ ನಲ್ಲಿ ತಿರುಗಿಸುವಂತೆ ಮಾಡಿ.