ಸೋತವನಿಗೊಂದು ಕುರ್ಚಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಇತಿಹಾಸ ಶಿಕ್ಷಕಿ ಉಮಾದೇವಿ ಮೇಡಂ ಅವರೇ, ಹುಮನಾಬಾದಿನ ಈ ಸೆಕೆಯಲ್ಲಿ ಊಟಕ್ಕೂ ಮೊದಲು ಭಾಷಣ ಕೇಳುವ ಧೈರ್ಯ ಮಾಡಿದ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ವಿಜ್ಞಾನದ ಮಾಸ್ತರನಿಗೆ ಐದು ನಿಮಿಷವೆಂದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇರಲಿ. ಮುಂದಿನ ಸಾಲಿನಲ್ಲಿ ನನ್ನ ಮಗಳು ಪೂನಂ ಕೂತಿದ್ದಾಳೆ. ಆಕೆ ನನ್ನ ಜೊತೆ ಮಾತು ಬಿಟ್ಟು ವರ್ಷವಾಯಿತು. ಮೇಡಂ ಅವರ ಮಗ ಅನೀಲಕುಮಾರನನ್ನೇ ಮದುವೆಯಾಗುತ್ತೇನೆಂದಳು, ನಾನು ಸಾಧ್ಯವಿಲ್ಲವೆಂದೆ. ಇಡೀ ಊರಿಗೆ ಗೊತ್ತಿರುವುದನ್ನು ಮುಚ್ಚಿಡುವುದೇಕೆ? ಆದರೆ ಇವತ್ತು ಆ ವಿಷಯ ಎತ್ತುವುದಿಲ್ಲ.

ಪ್ರತಿ ಆಗಸ್ಟಿನಲ್ಲಿ ನಮ್ಮ ಶಾಲೆಯಲ್ಲಿ ಚರ್ಚಾ ಸ್ಪರ್ಧೆ. ಯುದ್ಧದಲ್ಲಿ ಜಪಾನಿನ ಮೇಲೆ ಅಣುಬಾಂಬ್ ಹಾಕಿದ್ದು ಸರಿಯೇ? ಮಕ್ಕಳಿಗೆ ದಾರಿ ತೋರಿಸಲು ಮೊದಲು ನಾವು ಮಾತಾಡಬೇಕು. ಪರವಾಗಿ ನಾನು, ವಿರೋಧವಾಗಿ ಮೇಡಂ. ಸೋತವರು ಎಲ್ಲರಿಗೂ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ತರಿಸಬೇಕು. ಆಗಸ್ಟ್ ಬಂತೆಂದರೆ ಭಜಿ ಅಂಗಡಿಯ ಭೀಮಶಾ ನನ್ನನ್ನು ದೂರದಿಂದ ಕಂಡೇ ಎಣ್ಣೆ ಕಾಯಿಸಲು ಇಡುತ್ತಿದ್ದ.

ನನ್ನ ವಾದ ಇಷ್ಟೇ. ಹಟಮಾರಿಗಳು ಬುದ್ಧಿಮಾತಿಗೆ ಬಗ್ಗುವುದಿಲ್ಲ. ದೊಡ್ಡ ಪೆಟ್ಟು ಬಿದ್ದದ್ದಕ್ಕೇ ಯುದ್ಧ ಮುಗಿಯಿತು, ಇಲ್ಲದಿದ್ದರೆ ಇನ್ನೂ ಲಕ್ಷಾಂತರ ಜನ ಸಾಯುತ್ತಿದ್ದರು. ಈ ವಾದದಲ್ಲಿ ತೂಕವಿಲ್ಲವೇ? ಇದೆ, ಈಗಲೂ ಇದೆ ಎನ್ನುತ್ತೇನೆ. ಮೇಡಂ ಮೊದಲು ಆ ಮುಂಜಾನೆ ಶಾಲೆಗೆ ಹೊರಟಿದ್ದ ಮಕ್ಕಳ ಬಗ್ಗೆ, ಒಲೆ ಮುಂದೆ ಕೂತಿದ್ದ ಹೆಂಗಸರ ಬಗ್ಗೆ ಹೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ತಣ್ಣಗೆ ಕೇಳುತ್ತಿದ್ದರು:

“ಸರ್, ಬಾಂಬ್ ಹಾಕಿದವ್ರು ಜಪಾನಿನವ್ರಿಗೆ ‘ನಿಮ್ಮ ಚಕ್ರವರ್ತಿ ಕುರ್ಚಿ ನಾವು ಕಸ್ಕೊಳ್ಳಂಗಿಲ್ಲ’ ಅಂತ ಮೊದಲೇ ಹೇಳಿದ್ರ ಏನಾಗ್ತಿತ್ರಿ? ಬಾಂಬ್ ಹಾಕಿದ ಮ್ಯಾಲ ಆ ಕುರ್ಚಿ ಹ್ಯಾಂಗೂ ಉಳಿಸೇ ಉಳಿಸಿದ್ರಲ್ರಿ.”

ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ ಎಂದು ಗೊಣಗಿ ನಾನು ಭಜಿ ತರಲು ಹೋಗುತ್ತಿದ್ದೆ.

ಕ್ಷಮಿಸಿ, ಮೇಡಂ ಅವರ ಸೇವೆಯ ಬಗ್ಗೆ ಹೇಳಬೇಕಿತ್ತು. ಮಂಠಾಳದಿಂದ ಬಸ್ಸು ಹಿಡಿದು, ನಿಂತುಕೊಂಡೇ ಬಂದು, ನಗುತ್ತಲೇ ಪಾಠ ಮಾಡಿದವರು. ಮಗನನ್ನೂ ಚೆನ್ನಾಗಿ ಬೆಳೆಸಿದರು. ಹಿಂದಿನ ಸಾಲಿನವರು ಯಾಕೆ ನಗುತ್ತೀರಿ? ಹುಡುಗನಲ್ಲಿ ಕೊರತೆಯಿದೆ ಎಂದು ನಾನೆಂದೂ ಹೇಳಿಲ್ಲ. ಅವರದು ಕುರಿ ಸಾಕಿದ ಮನೆತನ, ನಮ್ಮದು ಹೊಲ, ದುಕಾನಿನ ಮನೆತನ ಎಂದೆ, ಅಷ್ಟೇ. ಅದೂ ಬಸವಕಲ್ಯಾಣದಲ್ಲಿ ಹುಟ್ಟಿದ ನಾನು! ನಗಿ, ಈಗ ನಗಬಹುದು.

ಇಬ್ಬರೂ ದುಡಿಯುವ ಮಕ್ಕಳು. ನೋಂದಣಿ ಕಚೇರಿಗೆ ಹೋಗಿ ಮದುವೆಯ ಸಹಿ ಹಾಕಿ ಬಂದಿದ್ದರೆ ನಾನೇನು ಮಾಡುತ್ತಿದ್ದೆ? ಬಾಂಬು ಅವರ ಕೈಯಲ್ಲೇ ಇತ್ತು. ವರ್ಷವಿಡೀ ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ನಾನು ಕಾಯ್ದೆ. ಬೀಳಲಿಲ್ಲ. ಬದಲಿಗೆ ಮೊನ್ನೆ ಮೇಡಂ ನಮ್ಮ ಮನೆಗೆ ಬಂದರು. ಚಹಾ ಕುಡಿದರು. ಕಪ್ಪು ಕೆಳಗಿಟ್ಟು ಹೇಳಿದರು:

“ಸರ್, ನೀವು ಹೂಂ ಅನ್ನೋ ತನಕ ಮಕ್ಕಳು ಕಾಯ್ತಾರಂತ್ರಿ. ಮದುವಿ ನಿಮ್ಮ ಅಂಗಳದಾಗೇ ಆಗ್ಲಿ. ಹಿರೇರ ಕುರ್ಚಿ ನಿಮ್ಮದೇರಿ.”

ರಾತ್ರಿಯೆಲ್ಲ ಆ ಮಾತೇ ಕಿವಿಯಲ್ಲಿತ್ತು. ಜಪಾನಿನವರು ಒಪ್ಪುತ್ತಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಬಾಂಬಿಗೂ ಮೊದಲು ಕುರ್ಚಿ ನಿಮ್ಮದೇ ಎಂದು ಯಾರೂ ಸ್ಪಷ್ಟವಾಗಿ ಹೇಳಿ ನೋಡಲಿಲ್ಲ. ಇಲ್ಲಿ ಹೇಳಿ ನೋಡಿದರು. ಮೇಡಂ, ಈ ಹಟಮಾರಿ ಶರಣಾದ.

ಪೂನಂ, ಅಳಬ್ಯಾಡವ್ವ. ಈಗರ ಅಪ್ಪನ ಜೋಡಿ ಮಾತಾಡು. ಹೋಗಿ ಇಡೀ ಸಭೆಗೆ ಸಾಕಾಗುವಷ್ಟು ಭಜಿ ಕರಿಯಲು ಭೀಮಶಾನಿಗೆ ಹೇಳಿ ಬಾ. ಸೋತವರೇ ತರಿಸಬೇಕಲ್ಲವೇ?

ಐದು ನಿಮಿಷ ಎಂದೋ ಮುಗಿದರೂ ಗಂಟೆ ಬಾರಿಸದ ಅಧ್ಯಕ್ಷರಿಗೂ, ತಾಳ್ಮೆಯ ನಿಮಗೂ, ನನ್ನ ಕುರ್ಚಿಯನ್ನು ನನಗೇ ಬಿಟ್ಟ ಬೀಗತಿಯವರಿಗೂ ವಂದನೆಗಳು. ಇನ್ನು ಹೋಗಿ ಅದರಲ್ಲಿ ಕೂರುತ್ತೇನೆ. ನಮಸ್ಕಾರ.