ಮರಿಯಮ್ಮನ ಮಡಿಲು

...ಇಲ್ಲ ಕಣೋ ಚೌರಪ್ಪ, ಇಡೀ ನಾಟಕ ಬೇಡ ಅಂತ ನಾನೆಲ್ಲಿ ಅಂದೆ? ಒಂದೇ ಒಂದು ಸೀನು. ಕೊನೇದು. ಯೇಸು ಸತ್ತ, ಶಿಲುಬೆಯಿಂದ ಇಳಿಸಿದ್ರು... ಅಲ್ಲಿಗೆ ಪರದೆ ಎಳೆದುಬಿಡೋಣ. ಒಳಗಿಂದ ಒಂದು ಹಾಡು ಹಾಡಿಸೋಣ. ಸಾಕಲ್ಲ? ಆ ತಾಯಿ ಮರಿಯಮ್ಮ ಮಗನ ತಲೆ ಮಡಿಲಲ್ಲಿಟ್ಕೊಂಡು ಅಷ್ಟೊತ್ತು ಕೂರೋದು... ಬೇಡ.

ಯಾಕೋ ನಗ್ತೀಯ? ಕೂತ್ಕೋ. ರಿಹರ್ಸಲ್‌ಗೆ ಎಲ್ರೂ ಬರೋಕೆ ಇನ್ನೂ ಹೊತ್ತಿದೆ.

ನೋಡು, ನಾಟಕ ಬರೆದವನು ನೀನು, ಆಡಿಸೋನು ನಾನು. ನಿನ್ನ ಮೇಲೆ ನನಗೆ ಗೌರವ ಇಲ್ವಾ? ಒಂದೇ ಫ್ಯಾಕ್ಟರೀಲಿ ಪಕ್ಕಪಕ್ಕದ ಲೇತ್ ಮೇಲೆ ನಿಂತು ಸವೆದಿದೀವಿ. ಗೋಕಾಕ್ ಚಳವಳೀಲಿ ನನಗಿಂತ ಜೋರಾಗಿ ಕೂಗಿ ಗಂಟಲು ಕಟ್ಟಿಸ್ಕೊಂಡವನು ನೀನು! ನೀನು ನಾಟಕ ಓದಿದ ದಿನ ಕುಣಿದಾಡಿದ್ದು ನಾನೇ ಅಲ್ವಾ? ಸಿನಿಮಾದಲ್ಲಿ ನಿಮ್ಮ ಕ್ರೈಸ್ತರು ಅಂದ್ರೆ ಯಾರು? ತುಂಡುಲಂಗದ ಡ್ಯಾನ್ಸರ್ ಮೇರಿ. ಇಲ್ಲಾಂದ್ರೆ ಬಾಟ್ಲಿ ಹಿಡಿದ ಪೀಟರ್. ಕಥೆ ಕಾದಂಬರೀಲಿ ಒಂದು ಚೂರು ಕ್ರಿಸ್‌ಮಸ್ ಕೇಕು. ಅಷ್ಟೇ! ನೀನು ಮರಿಯಮ್ಮನ್ನ ತಂದು ನಮ್ಮ ಬೀದಿ ನಲ್ಲಿ ಹತ್ರ ಬಿಂದಿಗೆ ಕೊಟ್ಟು ನಿಲ್ಲಿಸ್ದೆ. "ಹೊತ್ತಿಗೆ ಸರಿಯಾಗಿ ಉಣ್ಣಲ್ಲ, ಊರೂರು ಸುತ್ತುತಾನೆ ನನ್ಮಗ" ಅಂತ ಅವಳ ಕೈಲಿ ಬೈಸಿದೆ. ಇದು ಕನ್ನಡದ ನಾಟಕ ಕಣೋ ಅಂತ ನಾನೇ ಅಂದೆ. ಈಗಲೂ ಅಂತೀನಿ.

ಆದ್ರೆ ಕಮಿಟಿ ಅಂತ ಒಂದಿದೆಯಲ್ಲ. ರಾಜ್ಯೋತ್ಸವದ ಸ್ಟೇಜು ಅವರದ್ದು. ಶಂಭುಲಿಂಗಪ್ಪನವರು ಅಧ್ಯಕ್ಷರು. "ಏನ್ರೀ ಚಕ್ರಪಾಣಿ, ಮತಾಂತರ ಮಾಡೋಕೆ ಹೊರಟಿದೀರಾ ಅಂತ ಜನ ಕೇಳ್ತಾರೆ" ಅಂದ್ರು. ನಾನೇನು ಮಾಡ್ಲಿ? ನಿನಗೂ ಹೇಳಬೇಕು, ಅವರಿಗೂ ಹೇಳಬೇಕು. ಮಧ್ಯ ಸಿಕ್ಕಿಹಾಕ್ಕೊಂಡಿದೀನಿ.

ಹಂಗೆ ನೋಡಬೇಡ್ವೋ...

ನಮ್ಮ ಜನಕ್ಕೆ ಅದು ಒಗ್ಗಲ್ಲ. ನಾವು ಸಾವನ್ನ ಅಷ್ಟೊತ್ತು ನೋಡ್ತಾ ಕೂರೋರಲ್ಲ. ಹೊದಿಸ್ತೀವಿ, ಎತ್ತುತೀವಿ, ತಲೆಗೆ ನೀರು ಹುಯ್ಕೊಂಡು ಮನೆ ತೊಳೀತೀವಿ. ಮುಗೀತು. ನಿಮ್ಮೋರು ಹಾಗಲ್ಲ. ಗಾಯಾನ ಗೋಡೆಗೆ ನೇತುಹಾಕಿ, ಅದರ ಮುಂದೆ ದೀಪ ಹಚ್ಚಿಡ್ತೀರ. ಹುಟ್ಟಿದಾಗಿಂದ ನೋಡ್ಕೊಂಡು ಬಂದಿದೀರ. ನಮಗೆ... ನಮಗಾಗಲ್ಲ.

ಏನು? ಜಲಜಾನಾ? ಈಗ ನನ್ನ ಹೆಂಡತಿ ಮಾತು ಯಾಕೆ?

ಸರಿ, ಮೊನ್ನೆ ನೀನೂ ಇದ್ದೆಯಲ್ಲ. ಕಾಫಿ ಫ್ಲಾಸ್ಕ್ ತಂದವಳು ಇಟ್ಟು ಮನೆಗೆ ಹೋಗಬೇಕಿತ್ತು. ಹಿಂದಿನ ಕುರ್ಚೀಲಿ ಕೂತ್ಲು. ಪುಟ್ಟಲಕ್ಷ್ಮಿ ಮರಿಯಮ್ಮ ಆಗಿ, ಚನ್ನಕೇಶವನ ತಲೆ ಮಡಿಲಿಗೆ ಎಳ್ಕೊಂಡು ಇನ್ನೇನು ಮಾತು ಶುರು ಮಾಡ್ಬೇಕು, "ಹಾಗಲ್ಲಮ್ಮ, ಮೊದಲು ಮುಖ ಒರೆಸ್ಬೇಕು" ಅಂತ ಎದ್ದು ಬಂದೇಬಿಟ್ಲಲ್ಲ! ಸೆರಗಿನ ತುದೀಲಿ ಆ ಹುಡುಗನ ಹಣೆ, ಗದ್ದ, ಕಿವಿ ಹಿಂದೆ... ಬಣ್ಣ ಕೂಡ ಹಚ್ಚಿರ್ಲಿಲ್ಲ ಕಣೋ, ಏನೂ ಇರ್ಲಿಲ್ಲ ಅವನ ಮುಖದ ಮೇಲೆ! ಆದ್ರೂ ಒರೆಸಿದ್ಲು. ಒರೆಸ್ತಾನೇ ಇದ್ಲು. ಚನ್ನಕೇಶವ ಪಾಪ, ಕಣ್ಣು ಬಿಡೋಕೇ ಹೆದರ್ಕೊಂಡ. ಅವಳು ಅಳ್ಲಿಲ್ಲ. ಅತ್ತಿದ್ರೆ ತಡ್ಕೋತಿದ್ದೆ.

ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೇಳಿದ್ದು ಕಮಿಟಿ. ನಂಬಿಕೆ ಇಲ್ದಿದ್ರೆ ಹೋಗಿ ಶಂಭುಲಿಂಗಪ್ಪನವರನ್ನೇ ಕೇಳು...

ಕೇಳ್ಕೊಂಡೇ ಬಂದ್ಯಾ?

ಏನಂದ್ರು? ಹೇಳೋ. ತಲೆ ಯಾಕೆ ತಗ್ಗಿಸ್ತೀಯ, ತಗ್ಗಿಸಬೇಕಾದವನು ನಾನು... ಸರಿ. ಯಾರೂ ಏನೂ ಅಂದಿಲ್ಲ. ಸೀನು ಬೇಡ ಅಂದವನು ನಾನೇ.

ನಿನಗೆ ಬಿಡಿಸಿ ಹೇಳಬೇಕಾ? ನಮ್ಮ ಗೋಪಿ ಲಾರಿಗೆ ಸಿಕ್ಕಿದ ದಿನ, ಕೆಂಗೇರಿಯಿಂದ ಫ್ಯಾಕ್ಟರಿಗೆ ಫೋನ್ ಬಂತಲ್ಲ, ಕೈ ಗ್ರೀಸನ್ನೂ ಒರೆಸದೆ ನನ್ನ ಜೊತೆ ಓಡಿಬಂದವನು ನೀನು. ಆಸ್ಪತ್ರೇಲಿ ಬಟ್ಟೆ ಸರಿಸಿದಾಗ ನೋಡಿದ್ದು ನಾವಿಬ್ರೇ. ಆಮೇಲೆ ಪೂರ್ತಿ ಸುತ್ತಿ ಕೊಟ್ರು. ಮನೆ ಮುಂದೆ ಒಂದು ಗಳಿಗೆ ಇಳಿಸಿ, ಹಾಗೇ ಸುಡುಗಾಡಿಗೆ. "ಮುಖ ತೋರಿಸ್ರೋ" ಅಂತ ಜಲಜಾ ಕಿರುಚಿದ್ದು ನಿನ್ನ ಕಿವೀಲೂ ಇರಬೇಕು. "ಮಲಗಿದ ಹಾಗಿದ್ದ ಕಣೇ, ನೆಮ್ಮದಿಯಾಗಿ ಮಲಗಿದ ಹಾಗಿದ್ದ" ಅಂದೆ. ಹೆತ್ತವಳಿಗೆ ಇನ್ನೇನೋ ಹೇಳೋದು? ಹೇಳೋಕೆ ಆಗ್ತಿತ್ತಾ?

ಇಷ್ಟು ವರ್ಷ ಅವಳು ಮತ್ತೆ ಕೇಳ್ಲಿಲ್ಲ. ಆ ಮಾತಿಗೆ ಬೀಗ ಹಾಕಿ ಇಬ್ರೂ ಒಳಗೇ ಇದ್ದುಬಿಟ್ವಿ. ಅವಳು ಅವನ ಹೆಸರು ಎತ್ತಿದ್ರೆ ನಾನು ಪೇಪರ್ ಎತ್ಕೋತೀನಿ. ನಿನ್ನೆ ಊಟಕ್ಕೆ ಕೂತಿದ್ದೆ. ಸಾರು ಬಡಿಸ್ತಾ ಕೇಳ್ಬಿಟ್ಲು. "ರೀ... ನಮ್ಮ ಗೋಪಿ ಮುಖ ಹೇಗಿತ್ತು?"

ಅದಕ್ಕೇ ಕಣೋ! ಅದಕ್ಕೇ ಆ ಸೀನು ಬೇಡ ಅನ್ನೋದು. ದಿನಾ ಬಂದು ನೋಡ್ತಾಳೆ, ದಿನಾ ಕೇಳ್ತಾಳೆ. ಒಂದಿನ ಬಾಯಿ ತಪ್ಪಿ ನಾನು... ಬೇಡ. ಅವಳಿಗೆ ಗೊತ್ತಾಗಬಾರದು. ನಿನಗೂ ನನಗೂ ಗೊತ್ತಿರೋದು ಸಾಕು. ಅವಳು ತಡ್ಕೊಳ್ಳಲ್ಲ ಚೌರಪ್ಪ.

ಚೌರಪ್ಪ?

ಯಾಕೋ ಆ ಕಡೆ ತಿರುಗಿದೆ? ನನ್ನ ಮುಖ ನೋಡೋ... ಅವಳು ನಿನ್ನ ಕೇಳಿದ್ಲಾ?

ಹೇಳಿದ್ಯಾ?

ಎಲ್ಲಾನಾ? ಆ ಕಣ್ಣು... ಅದನ್ನೂನಾ?

ಯಾವಾಗ? ಮೊನ್ನೆ ಒರೆಸೋಕೆ ಮುಂಚೇನಾ?... ನೀನು ಈ ನಾಟಕ ಬರೆಯೋಕೆ ಮುಂಚೇನಾ? ಮಾತಾಡೋ! ಕೇಳಿ ಏನ್ ಮಾಡಿದ್ಲು? ಬಿದ್ಲಾ? ಅತ್ಲಾ?... ಅವಳಿಗೆ ಗೊತ್ತಿರೋದು ನನಗೆ ಹೇಳ್ಬೇಡಿ ಅಂದ್ಲಾ? ನಾನು ತಡ್ಕೊಳ್ಳಲ್ಲ ಅಂತ... ಅವಳು ಅಂದ್ಲಾ ಹಾಗೆ?

ತಾಳು. ತಾಳು. ಹಾಗಾದ್ರೆ ನಿನ್ನೆ... ಗೊತ್ತಿದ್ದೇ ಕೇಳಿದ್ಲಾ?

ಅಯ್ಯೋ ದೇವರೇ... ನಾನು ಮತ್ತೆ ಅದನ್ನೇ ಅಂದೆನಲ್ಲೋ. ಮಲಗಿದ ಹಾಗಿದ್ದ ಅಂತ. ಅವಳು ಸೌಟು ಹಿಡ್ಕೊಂಡು ಹಾಗೇ ನನ್ನ ನೋಡ್ತಾ ನಿಂತಿದ್ಲು. ನಾನು ತಲೆ ಎತ್ತಲಿಲ್ಲ. ಆಮೇಲೆ "ಹ್ಞೂಂ" ಅಂದ್ಲು. ಅಷ್ಟೇ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ್ಲು.