ಟಿಕೆಟ್ ಕಿಟಕಿಯ ಹಿಂದಿನ ಕಾಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಬೀರೂರಿನಿಂದ ಬಂದಿರುವ ನಮ್ಮ ಇಲಾಖೆಯ ಹಿರಿಯರೇ, ಅಜ್ಜಂಪುರದ ವರ್ತಕ ಬಂಧುಗಳೇ, ತಾಯಂದಿರೇ, ಸಭಿಕರೇ,

ಕುಳಿತೇ ಮಾತಾಡುತ್ತಿದ್ದೇನೆ, ಮನ್ನಿಸಬೇಕು. ನಾನು ನಿಂತರೆ ನನಗೂ ಕಷ್ಟ, ಈ ಹಲಗೆಯ ವೇದಿಕೆಗೂ ಕಷ್ಟ.

ಈ ಊರಿನ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಲೇ ನನ್ನ ಆಯುಷ್ಯದ ಬಹುಭಾಗ ಕಳೆಯಿತು, ಈಗ ನಿವೃತ್ತನಾಗಿದ್ದೇನೆ. "ಓಂಕಾರಮೂರ್ತಿಯವರದು ಸದಾ ನಗುಮುಖ" ಎಂದು ಅಧ್ಯಕ್ಷರು ಈಗತಾನೆ ಹೊಗಳಿದರು. ಮುಖ ಸರಿ. ಕಿಟಕಿಯಲ್ಲಿ ಕಾಣುತ್ತಿದ್ದುದು ಮುಖವೊಂದೇ ತಾನೇ? ಸೊಂಟದಿಂದ ಕೆಳಗೆ ನಾನು ಹೇಗಿದ್ದೆ ಎಂಬುದನ್ನು ಯಾರು ಕಂಡಿದ್ದರು? ಯಾರೂ ಕಾಣದಿರಲಿ ಎಂದೇ ನಾನು ಹೆದರಿ ಬದುಕಿದ್ದೆ.

ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಎಡಗಾಲು ಊದತೊಡಗಿತು. ಮೈಭಾರ ಮೊದಲೇ ಹೆಚ್ಚು. ಮೇಲಾಗಿ ಕಾಲು ಇಳಿಬಿಟ್ಟು ಕೂರುವ ಕೆಲಸ. ಸಂಜೆ ಊದಿದ್ದು ಬೆಳಿಗ್ಗೆ ಇಳಿಯುತ್ತಿತ್ತು. ಆಮೇಲೆ ಇಳಿಯುವುದನ್ನೇ ಬಿಟ್ಟಿತು. ಪಾದದ ಮೇಲಿನ ಚರ್ಮ ಹಲಸಿನಕಾಯಿಯ ಸಿಪ್ಪೆಯಂತೆ ಒರಟಾಯಿತು. ಮಡಿಕೆಗಳ ಸಂದಿಯಲ್ಲಿ ಹಸಿಹಸಿ ಕೆಂಪು, ಒಸರುವ ನೀರು, ವಾಸನೆ. ಹೊಟ್ಟೆಯ ಮಡಿಕೆಯ ಕೆಳಗೂ ಹಾಗೆಯೇ. ತಾಯಂದಿರು ಕ್ಷಮಿಸಬೇಕು, ಇದು ಸಭೆಯಲ್ಲಿ ಆಡುವ ಮಾತಲ್ಲ. ಆದರೆ ಎಲ್ಲಿಯೂ ಆಡದೆ ಇದ್ದುದರಿಂದಲೇ ನಾನು ಸಾಯುವವನಿದ್ದೆ.

ಏನು ಮಾಡಿದೆ? ಪೌಡರು ಸುರಿದುಕೊಂಡೆ. ಮಠದ ಪಂಕ್ತಿಯೂಟಕ್ಕೆ ಹೋಗುವುದನ್ನು ಬಿಟ್ಟೆ. ಪಕ್ಕದವರು ಮೂಗು ಮುಚ್ಚಿಕೊಂಡರೆ ಎಂಬ ಭಯ. ಕಟ್ಟಿಕೊಂಡ ಹೆಂಡತಿ ತೀರ್ಥಮ್ಮನಿಗೂ ತೋರಿಸಲಿಲ್ಲ. ಯಗಟಿಯಲ್ಲಿರುವ ನಮ್ಮಣ್ಣ ಶಿವಮೂರ್ತಪ್ಪನಿಗೆ ಮಾತ್ರ ತೋರಿಸಿದೆ. ಅವನು ಹೌಹಾರಿದ.

"ಲೇ, ಇದು ಆನೆಕಾಲು ಕಣೋ! ಡಾಕ್ಟ್ರತ್ರ ಹೋದೀಯ ಮತ್ತೆ, ಕುಯ್ದು ಹಾಕ್ಬಿಡ್ತಾರೆ."

ಯಾವುದೋ ಸೊಪ್ಪು ಅರೆದು ಕಟ್ಟಿದ. ಪ್ರೀತಿಯಿಂದಲೇ ಕಟ್ಟಿದ. ಚರ್ಮ ಬೊಬ್ಬೆಯೆದ್ದು ಸುಲಿಯಿತು.

ಅದಾದ ಕೆಲವೇ ದಿನಕ್ಕೆ, ಬೆಳಗಿನ ಗಾಡಿಗೆ ಟಿಕೆಟ್ ಕೊಡುತ್ತಿದ್ದಾಗ ಇದ್ದಕ್ಕಿದ್ದಂತೆ ಚಳಿ. ಎಂಥ ಚಳಿ! ಕೈಯಲ್ಲಿದ್ದ ಚಿಲ್ಲರೆ ನೆಲಕ್ಕೆ ಬಿತ್ತು. ಕಿಟಕಿಯಾಚೆ ಯಾರೋ ಮುದುಕಿ, "ಯಾಕಪ್ಪಾ, ಹಿಂಗ್ ನಡುಗ್ತೀಯಾ?" ಎಂದದ್ದು ಕೇಳಿಸಿತು, ಅಷ್ಟೇ.

ಎಚ್ಚರವಾದಾಗ ತರೀಕೆರೆಯ ಆಸ್ಪತ್ರೆಯಲ್ಲಿದ್ದೆ. ಮೊಣಕಾಲವರೆಗೆ ಕೆಂಡದಂತೆ ಕೆಂಪು. ಪಕ್ಕದ ಮಂಚದ ಈರಪ್ಪನಿಗೆ ಒಂದು ಕಾಲೇ ಇರಲಿಲ್ಲ. ಅವನದು ಸಕ್ಕರೆ ಕಾಯಿಲೆ, ಬೇರೆಯೇ ಕಥೆ. ಆದರೆ ಹೆದರಿದ ಮನಸ್ಸಿಗೆ ಅದನ್ನು ಹೇಳುವವರು ಯಾರು? ಕಣ್ಣುಬಿಟ್ಟಾಗಲೆಲ್ಲ ಕೈಚಾಚಿ, ನನ್ನ ಕಾಲು ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಡಾಕ್ಟರ್ ಪಂಕಜಾಕ್ಷಿಯವರು ನೇರವಾಗಿ ಹೇಳಿದರು: "ಕಾಲು ತೆಗೆಯಲ್ಲ. ಪೂರ್ತಿ ವಾಸಿಯಾಗುತ್ತೆ ಅಂತ ಸುಳ್ಳೂ ಹೇಳಲ್ಲ. ಬಿರಿದ ಚರ್ಮದಿಂದ ನಂಜು ಒಳಗೆ ಹೋಗಿದೆ. ದಿನಾ ಸೋಪು ಹಾಕಿ ತೊಳೀಬೇಕು. ಒಂದೊಂದು ಮಡಿಕೆನೂ ಬಿಡಿಸಿ ಒರೆಸಿ ಒಣಗಿಸಬೇಕು. ಪಟ್ಟಿ ಸುತ್ತಬೇಕು, ಕಾಲು ಎತ್ತಿಟ್ಟು ಕೂರಬೇಕು, ತೂಕ ಇಳಿಸಬೇಕು. ಮತ್ತೆ ಕೆಂಪಾಗಿ ಚಳಿ ಬಂತೋ, ಅವತ್ತೇ ಬರಬೇಕು. ನಾಳೆ ಅಂದ್ರೆ ಜೀವಕ್ಕೇ ಅಪಾಯ."

ನನ್ನ ಹೊಟ್ಟೆ ದಾಟಿ ನನ್ನ ಕೈ ಪಾದಕ್ಕೆ ಎಟುಕದು. ಮನೆಗೆ ಬಂದ ದಿನ ತೀರ್ಥಮ್ಮ ಬೋಗುಣಿಯಲ್ಲಿ ಬೆಚ್ಚನೆ ನೀರು ತಂದು ಕೂತಳು. "ಬೇಡ ಕಣೇ, ಅಸಹ್ಯ" ಎಂದೆ.

"ಸುಮ್ನಿರಿ. ನೀವು ಹೋದ್ರೆ ಆ ಕಿಟಕಿ ಹಿಂದೆ ನಾಳೆನೇ ಇನ್ನೊಬ್ರು ಬಂದ್ ಕೂತ್ಕೋತಾರೆ. ನನ್ ಮನೇಲಿ ಯಾರ್ರೀ ಕೂತ್ಕೋತಾರೆ?"

ಅಂದಿನಿಂದ ಇಂದಿನವರೆಗೆ ಅವಳೇ ತೊಳೆದಿದ್ದಾಳೆ. ಚರ್ಮ ಮೆತ್ತಗಾಯಿತು, ನೀರು ಒಸರುವುದು ನಿಂತಿತು. ತೂಕ ಇಳಿಯುವುದು ಮಾತ್ರ, ನೋಡಿದಿರಲ್ಲ, ನಿಧಾನವಾಗಿ ಬರುವ ಪ್ಯಾಸೆಂಜರ್ ಗಾಡಿ. ಜ್ವರ ಮರಳಿ ಬಂದದ್ದೂ ಉಂಟು. ಬಂದಾಗ ತರೀಕೆರೆಗೆ ಓಡಿದ್ದೇವೆ.

ಭಯ ಹೋಯಿತೇ? ಹೋಯಿತು ಎಂದು ಹೇಳಲು ಬರೆದುಕೊಂಡು ಬಂದಿದ್ದೆ. ಓದಲಾರೆ. ಇಂದು ಬೆಳಿಗ್ಗೆ ತೀರ್ಥಮ್ಮ ಒರೆಸುವಾಗ ಏನೂ ಇರಲಿಲ್ಲ. ಇಲ್ಲಿಗೆ ಹೊರಡುವಾಗ ಪಂಚೆ ಸರಿಮಾಡಿಕೊಂಡೆ. ಮೊಣಕಾಲ ಕೆಳಗೆ ಅಂಗೈಯಗಲ ಕೆಂಪು. ಮುಚ್ಚಿಕೊಂಡೆ. ಸನ್ಮಾನ ಮುಗಿಯಲಿ, ಊಟವಾಗಲಿ, ನಾಳೆ ನೋಡೋಣ ಎಂದುಕೊಂಡೆ. ಮೈಕಿನ ಮುಂದೆ ಕೂತಾಗಿನಿಂದ ಬೆನ್ನಿನಲ್ಲಿ ಚಳಿ ಏರುತ್ತಿದೆ.

ತೀರ್ಥಾ, ಮುಂದಿನ ಸಾಲಿನಲ್ಲೇ ಇದ್ದೀಯ, ನಿನಗೂ ಹೇಳಲಿಲ್ಲ. ಬಾಯಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಈಗ ಇಷ್ಟು ಜನರ ಮುಂದೆ ಹೇಳಿದ್ದೇನೆ. ಇನ್ನು ನಾಳೆ ಎನ್ನಲು ಇವರು ಬಿಡುವುದಿಲ್ಲ.

ಅಧ್ಯಕ್ಷರೇ, ಶಾಲು ಹೊದಿಸಿದ್ದಕ್ಕೆ ಋಣಿ. ತೆಗೆಯುವುದಿಲ್ಲ, ಬಿಗಿಯಾಗಿ ಹೊದ್ದುಕೊಂಡೇ ಇರುತ್ತೇನೆ. ಊಟಕ್ಕೆ ನಿಲ್ಲಲಾರೆ. ಹೊರಗೆ ಯಾರದಾದರೂ ಜೀಪಿದ್ದರೆ ನಮ್ಮಿಬ್ಬರನ್ನು ತರೀಕೆರೆಗೆ ಮುಟ್ಟಿಸಿ. ಇಷ್ಟು ವರ್ಷ ನನ್ನನ್ನು ಸಹಿಸಿಕೊಂಡ ಈ ಊರಿಗೆ ಕೃತಜ್ಞತೆಗಳು. ಅಳಬೇಡ ತೀರ್ಥಾ, ಏಳು, ಹೋಗೋಣ.

ಎಲ್ಲರಿಗೂ ನಮಸ್ಕಾರ.